ಕೆಲಸ ವಾಪಸ್ ಬಂದಿದೆ, ಜೂನಿಯರ್‌ಗಳ ಸಂಬಳ ಇನ್ನೂ ಬಂದಿಲ್ಲ

ಕೊನೆಯ ವರ್ಷದ ಕಾನೂನು ವಿದ್ಯಾರ್ಥಿಗಳು ಇತ್ತೀಚೆಗೆ ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ, "ಸರ್, ಹೊರಗೆ ಬಂದರೆ ಕೆಲಸ ಸಿಗುತ್ತಾ?" ನೇರವಾಗಿ ಹೇಳುತ್ತೇನೆ. ಕೆಲಸ ಇದೆ, ಬೇಕಾದಷ್ಟಿದೆ. ಸಂಬಳದ ಮಾತು ಬೇರೆ. ಎರಡೂ ಒಂದೇ ಅಂದುಕೊಂಡು ಕೋರ್ಟಿಗೆ ಬಂದ ಒಳ್ಳೊಳ್ಳೆ ಹುಡುಗರು ವರ್ಷ ತುಂಬುವ ಮುಂಚೆಯೇ ಬಿಟ್ಟು ಹೋಗುವುದನ್ನು ನೋಡಿದ್ದೇನೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಕೋರ್ಟುಗಳು ನಿಂತಾಗ ಮೊದಲ ಪೆಟ್ಟು ಬಿದ್ದದ್ದು ಜೂನಿಯರ್‌ಗಳಿಗೆ, ಅಂದರೆ ಸೀನಿಯರ್ ವಕೀಲರ ಕೈಕೆಳಗೆ ದುಡಿಯುವ ಹೊಸ ವಕೀಲರಿಗೆ. ದಿನಕ್ಕೊಂದು ಅಫಿಡವಿಟ್, ಒಂದು ಜಾಮೀನು ಅರ್ಜಿ, ಒಂದು ನಕಲು ಅರ್ಜಿ ಅಂತ ನಂಬಿಕೊಂಡಿದ್ದವರ ಕೈ ಒಂದೇ ವಾರದಲ್ಲಿ ಬರಿದಾಯಿತು. ನನಗೆ ಗೊತ್ತಿದ್ದ ಕೆಲವರು ಊರಿಗೆ ಹೋಗಿ ಹೊಲದ ಕೆಲಸಕ್ಕೆ ನಿಂತರು, ಅವರಲ್ಲಿ ಎಲ್ಲರೂ ವಾಪಸ್ ಬರಲಿಲ್ಲ.

ಈಗ ಆ ಪರಿಸ್ಥಿತಿ ಇಲ್ಲ. ಕೋರ್ಟು ತುಂಬಿದೆ. ಕೆಲಸದ ರೀತಿಯೂ ಬದಲಾಗಿದೆ. ಇ-ಫೈಲಿಂಗ್, ವಿಡಿಯೊ ವಿಚಾರಣೆ ಮಾಮೂಲಾಗಿವೆ. 2024ರ ಜುಲೈ 1ರಿಂದ ಹೊಸ ಕ್ರಿಮಿನಲ್ ಕಾನೂನುಗಳು ಬಂದ ಮೇಲೆ ಮೂವತ್ತು ವರ್ಷ ಸೆಕ್ಷನ್ ಬಾಯಿಪಾಠ ಇದ್ದವರೂ ಪುಸ್ತಕ ತೆಗೆದು ನೋಡಬೇಕಾಯಿತು. ಕೊಲೆಗೆ 302 ಹೋಗಿ 103 ಬಂದಿದೆ, ವಂಚನೆಗೆ 420 ಹೋಗಿ 318 ಬಂದಿದೆ. ಹಳೇ ಘಟನೆಗೆ ಹಳೇ ದಂಡ ಸಂಹಿತೆ, ಹೊಸದಕ್ಕೆ ಭಾರತೀಯ ನ್ಯಾಯ ಸಂಹಿತೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದ ಹೊಸ ವಕೀಲರಿಗೆ ಸೀನಿಯರ್ ಆಫೀಸಿನಲ್ಲಿ ಇಷ್ಟು ಬೇಗ ಬೆಲೆ ಬಂದದ್ದನ್ನು ನಾನು ಮುಂಚೆ ಕಂಡಿಲ್ಲ.

ಆದರೆ ದುಡ್ಡು? 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ. ಅದು ಸಲಹೆ, ಕಡ್ಡಾಯವಲ್ಲ. ಜಿಲ್ಲೆಗಳಲ್ಲಿ ಅದರ ಅರ್ಧವೂ ಕೊಡದ ಆಫೀಸುಗಳು ಬಹಳ ಇವೆ, ಏನೂ ಕೊಡದವೂ ಇವೆ. "ಕಲಿಸುತ್ತಿದ್ದೇವಲ್ಲ, ಅದೇ ದೊಡ್ಡದು" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬೆಳಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ದುಡಿಯುವ ಹುಡುಗಿ ರೂಮಿನ ಬಾಡಿಗೆ ಕಟ್ಟಬೇಕು ತಾನೆ? ಮನೆಯಲ್ಲಿ ಅನುಕೂಲ ಇದ್ದವರು ಮಾತ್ರ ಉಳಿಯುವ ವೃತ್ತಿಯಾಗಿ ಇದು ಹೀಗೇ ಮುಂದುವರಿದರೆ ಇಡೀ ವಕೀಲ ಸಮುದಾಯಕ್ಕೇ ನಷ್ಟ.

ವಕೀಲರಾಗಿ ಹೆಸರು ನೋಂದಾಯಿಸುವ ಖರ್ಚು ಮಾತ್ರ ಕಡಿಮೆಯಾಗಿದೆ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಗೌರವ್ ಕುಮಾರ್ ಪ್ರಕರಣದಲ್ಲಿ ಹೇಳಿದ ಹಾಗೆ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಆಮೇಲೆ ಎಐಬಿಇ, ಅಂದರೆ ವಕೀಲಿಕೆ ಮಾಡಲು ಪಾಸಾಗಬೇಕಾದ ಅಖಿಲ ಭಾರತ ಮಟ್ಟದ ಪರೀಕ್ಷೆ. ಗುರುತು ಹಾಕದ ಬೇರ್ ಆ್ಯಕ್ಟ್ (ವ್ಯಾಖ್ಯಾನವಿಲ್ಲದ ಕಾಯ್ದೆ ಪುಸ್ತಕ) ಒಳಗೆ ಒಯ್ಯಬಹುದು, ಸಾಮಾನ್ಯ ವರ್ಗಕ್ಕೆ ಶೇ 45 ಸಾಕು. ಪುಸ್ತಕದಲ್ಲಿ ಯಾವುದು ಎಲ್ಲಿದೆ ಅಂತ ಗೊತ್ತಿದ್ದವರಿಗೆ ಅದು ಕಷ್ಟವಲ್ಲ.

ದೊಡ್ಡ ಬದಲಾವಣೆ ಆಗಿರುವುದು ಜಡ್ಜ್ ಆಗಬೇಕು ಅನ್ನುವವರಿಗೆ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ನೇರ ನೇಮಕಾತಿಗೆ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯ. ಅಲ್ಲಿಯವರೆಗೆ ಡಿಗ್ರಿ ಮುಗಿಸಿ ನೇರವಾಗಿ ಕೋಚಿಂಗ್‌ಗೆ ಹೋಗುತ್ತಿದ್ದರು. ನನ್ನ ಮಟ್ಟಿಗೆ ತೀರ್ಪು ಸರಿ. ಸಾಕ್ಷಿ ಕಟಕಟೆಯಲ್ಲಿ ನಿಂತು ತಡವರಿಸುವಾಗ ಅದು ಸುಳ್ಳಿಗೋ ಭಯಕ್ಕೋ ಅಂತ ಗೊತ್ತಾಗಬೇಕಾದರೆ ಎದುರು ನಿಂತು ಒಂದಷ್ಟು ಪಾಟಿ ಸವಾಲು ಮಾಡಿರಬೇಕು. ಆದರೆ ಆ ಮೂರು ವರ್ಷ ಹೊಟ್ಟೆಗೆ ಏನು ಅನ್ನುವ ಪ್ರಶ್ನೆಗೆ ತೀರ್ಪಿನಿಂದ ಉತ್ತರ ಸಿಗುವುದಿಲ್ಲ, ನಾವೇ ಹುಡುಕಿಕೊಳ್ಳಬೇಕು.

ಕೆಲವು ದಾರಿಗಳಿವೆ. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ಮಾಡಿದ ಕೆಲಸ ಈ ಮೂರು ವರ್ಷದ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಗೌರವಧನವೂ ಇದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ರಾಜ್ಯ ಸರ್ಕಾರದ ಶಿಷ್ಯವೇತನ ಇದೆ. ಅರ್ಹತೆ ಇದ್ದೂ ಅರ್ಜಿ ಹಾಕದವರನ್ನು ನೋಡಿದರೆ ಬೇಜಾರಾಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಡಿಫೆನ್ಸ್ ಕೌನ್ಸೆಲ್ (ಆರೋಪಿ ಪರ ವಕೀಲರ) ಕಚೇರಿಗಳಲ್ಲಿ ಸಹಾಯಕ ಹುದ್ದೆಗಳಿಗೆ ಮೂರು ವರ್ಷದೊಳಗಿನ ಅನುಭವದವರನ್ನೇ ತೆಗೆದುಕೊಳ್ಳುತ್ತಾರೆ. ತಿಂಗಳಿಗೆ ನಿಗದಿತ ಹಣ, ಕ್ರಿಮಿನಲ್ ಕೆಲಸ ಮಾತ್ರ, ಖಾಸಗಿ ಕೇಸು ಹಿಡಿಯುವಂತಿಲ್ಲ. ಜೈಲಿನಲ್ಲಿ ಜಾಮೀನಿಗೂ ಗತಿಯಿಲ್ಲದೆ ಕೂತವರ ಪರವಾಗಿ ನಿಲ್ಲುವ ಕೆಲಸ ಅದು. ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ತೋಚುವುದಿಲ್ಲ.

ಬೆಂಗಳೂರಿನ ಕಂಪನಿ ಕೆಲಸದ ಬಗ್ಗೆಯೂ ಕೇಳುತ್ತಾರೆ. ಸಂಬಳ ಅಲ್ಲಿದೆ, ನಿಜ. ವಿದೇಶಿ ಕಂಪನಿಗಳ ಕಚೇರಿಗಳಲ್ಲಿ ಕರಾರು ಪತ್ರ ಓದುವ ಕೆಲಸ ಇದೆ. ಆದರೆ ಸಾವಿರ ಕರಾರುಗಳಲ್ಲಿ ಒಂದೇ ಷರತ್ತು ಹುಡುಕುವಂಥ ಮೊದಲ ಮೆಟ್ಟಿಲಿನ ಕೆಲಸವನ್ನು ಈಗ ಎಐ ಮಾಡುತ್ತಿದೆ, ಅದೊಂದನ್ನೇ ನಂಬಿ ಹೋಗಬೇಡಿ. ಬೆಳೆಯುತ್ತಿರುವುದು ದತ್ತಾಂಶ ರಕ್ಷಣೆಯ ಕೆಲಸ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ (ಡಿಪಿಡಿಪಿ) ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದವು, ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಅದಕ್ಕೆ ತಯಾರಾಗಲು ಕಂಪನಿಗಳಿಗೆ ಜನ ಬೇಕು. ಇನ್ನೊಂದು ಗೊತ್ತಿರಲಿ, ಪೂರ್ಣಾವಧಿ ಸಂಬಳದ ಕೆಲಸಕ್ಕೆ ಸೇರಿದರೆ ವಕೀಲಿಕೆಯ ಪರವಾನಗಿಯಾದ ಸನ್ನದನ್ನು ಅಮಾನತಿನಲ್ಲಿ ಇಡಬೇಕು. ಆ ವರ್ಷಗಳು ಜಡ್ಜ್ ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಕಡೆ ಕಾಲಿಡಲು ಆಗದು.

ಈಗ ನನಗೆ ತುಂಬಾ ಮುಖ್ಯ ಅನಿಸಿದ, ಯಾರೂ ಹೆಚ್ಚು ಮಾತಾಡದ ಕೆಲಸಕ್ಕೆ ಬರುತ್ತೇನೆ. ಜಮೀನಿನ ಟೈಟಲ್ ನೋಡುವುದು, ಅಂದರೆ ಅದು ನಿಜಕ್ಕೂ ಯಾರದ್ದು ಅಂತ ದಾಖಲೆಗಳಲ್ಲಿ ಪರಿಶೀಲಿಸುವುದು. ನನ್ನಂಥ ಧಾರವಾಡದ ವಕೀಲರಿಗೆ ಇದು ದಿನನಿತ್ಯದ ಕೆಲಸ. ಬ್ಯಾಂಕಿಗೆ ಬೇಕು, ಬಿಲ್ಡರ್‌ಗೆ ಬೇಕು, ಗದಗ, ಕೊಪ್ಪಳದ ಕಡೆ ಗಾಳಿ ಯಂತ್ರ ನಿಲ್ಲಿಸಲು ಜಮೀನು ಹಿಡಿಯುವ ಕಂಪನಿಗೂ ಬೇಕು. ಚೆನ್ನಾಗಿ ಮಾಡುವವರು ಕಡಿಮೆ.

ಒಂದು ಫೈಲ್ ಬಂತು ಅಂದುಕೊಳ್ಳಿ. ಊರ ಪಕ್ಕದ ಎರಡು ಎಕರೆ. ಪಹಣಿಯ 9ನೇ ಕಾಲಂನಲ್ಲಿ ಮಾರುವವನ ಹೆಸರಿದೆ. 11ನೇ ಕಾಲಂನಲ್ಲಿ ಸಾಲ ಇಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅದೂ ಕ್ಲೀನ್. ಹೊಸಬರು ಇಲ್ಲಿಗೇ ನಿಲ್ಲಿಸಿ ಟೈಟಲ್ ಸರಿಯಿದೆ ಅಂತ ಒಪಿನಿಯನ್ ಬರೆದುಬಿಡುತ್ತಾರೆ. ಮುಂದೆ ಹೋಗಬೇಕು. ಈ ಹೆಸರು ಪಹಣಿಗೆ ಯಾವ ಮ್ಯುಟೇಶನ್‌ನಿಂದ (ಹಕ್ಕು ಬದಲಾವಣೆಯ ನಮೂದಿನಿಂದ) ಬಂತು? ನಕಲು ತೆಗೆಸಿದರೆ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿ ಪಾಲು. ವಂಶವೃಕ್ಷದಲ್ಲಿ ಇಬ್ಬರು ಅಕ್ಕತಂಗಿಯರಿದ್ದಾರೆ, ವಾಟ್ನಿಯಲ್ಲಿ ಅವರ ಸಹಿ ಇಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ ಮೇಲೆ, ಅದರಲ್ಲೂ ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ಮೇಲೆ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಹಾಗಾದರೆ ವಾಟ್ನಿ ಯಾವಾಗ ಆಯಿತು? ಆ ತಿದ್ದುಪಡಿಯಲ್ಲೇ ಇರುವ ಗಡುವಾದ 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾಗಿದ್ದರೆ ಒಂದು ಉತ್ತರ, ಸುಮ್ನೆ ತಹಶೀಲ್ದಾರರಿಗೆ ವರದಿ ಕೊಟ್ಟು ಹೆಸರು ಬದಲಾಯಿಸಿದ್ದರೆ ಬೇರೆ ಉತ್ತರ. ಇನ್ನೂ ಹಿಂದೆ ಹೋದರೆ ಜಮೀನು ಮೂಲತಃ ಸರ್ಕಾರ ಪರಿಶಿಷ್ಟ ಕುಟುಂಬಕ್ಕೆ ಮಂಜೂರು ಮಾಡಿದ್ದು ಅಂತ ಗೊತ್ತಾಗಬಹುದು. ಆಗ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಎದುರು ನಿಲ್ಲುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ, ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿಯೂ ಹೇಳುತ್ತದೆ. ಕೊಳ್ಳುವವರ ಜೀವಮಾನದ ಉಳಿತಾಯ ನೀವು ಬರೆಯುವ ಒಪಿನಿಯನ್ ಅನ್ನುವ ಈ ಒಂದು ಕಾಗದದ ಮೇಲೆ ನಿಂತಿರುತ್ತದೆ, ಹಾಗೆಯೇ ಆ ಅಕ್ಕತಂಗಿಯರ ಪಾಲೂ, ಜಮೀನು ಕಳೆದುಕೊಂಡ ಆ ಕುಟುಂಬದ ಹಕ್ಕೂ.

ಇದನ್ನು ಓದಲು ಹಳೇ ಕೈಬರಹದ ಕನ್ನಡ ಬರಬೇಕು. ನಮ್ಮ ಭಾಗದಲ್ಲಿ ಕೆಲವು ದಾಖಲೆಗಳು ಮರಾಠಿಯ ಹಳೇ ಮೋಡಿ ಲಿಪಿಯಲ್ಲೂ ಇವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಬರಲ್ಲ ಅಂತ ಕುಗ್ಗಿ ಕೂರುತ್ತಾರೆ, ಆದರೆ ಈ ಕೆಲಸದಲ್ಲಿ ಅವರೇ ಮುಂದೆ. ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಹೈಕೋರ್ಟ್ ಮೇಲ್ಮನವಿಯಲ್ಲಿ ಇಂಗ್ಲಿಷಿನಲ್ಲಿ ಅರ್ಥ ಕೆಡದಂತೆ ಬರೆಯಬೇಕು. ದಿನಾ ಒಂದು ತೀರ್ಪು ಓದಿ ಅರ್ಧ ಪುಟದ ಸಾರಾಂಶ ಇಂಗ್ಲಿಷಿನಲ್ಲಿ ಬರೆಯಿರಿ, ಒಂದು ವರ್ಷದಲ್ಲಿ ಕೈ ಕೂಡುತ್ತದೆ.

ಆಫೀಸು ಹುಡುಕುವಾಗ ಸೀನಿಯರ್ ಹೆಸರು ಎಷ್ಟು ದೊಡ್ಡದು ಅಂತ ನೋಡಬೇಡಿ. ಅಲ್ಲಿ ಈಗಿರುವ ಜೂನಿಯರ್‌ಗಳ ಜೊತೆ ಒಂದು ಚಹಾ ಕುಡಿದು ಕೇಳಿ. ನೀವು ಬರೆದ ದಾವೆ ಪತ್ರವನ್ನು ತಿದ್ದಿ ವಾಪಸ್ ಕೊಡುತ್ತಾರಾ? ಬರೀ ತಾರೀಕು ತೆಗೆದುಕೊಳ್ಳಲು ಕಳಿಸುತ್ತಾರಾ, ಸಾಕ್ಷಿ ವಿಚಾರಣೆಗೂ ಬಿಡುತ್ತಾರಾ? ತಿಂಗಳಿಗೆ ಎಷ್ಟು ಕೊಡುತ್ತಾರೆ? ಹೆಣ್ಣುಮಕ್ಕಳು ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಹೋಗುತ್ತಾರೆ? ಹಣದ ಮಾತನ್ನು ಸೇರುವ ದಿನವೇ ಸೀನಿಯರ್ ಹತ್ತಿರವೂ ಆಡಿ. ನಾಚಿಕೆ ಪಡುವಂಥದ್ದೇನಿಲ್ಲ.

ಜಡ್ಜ್ ಆಗುವ ಯೋಚನೆ ಇದ್ದರೆ ವಕಾಲತ್ತಿನಲ್ಲಿ ಸೀನಿಯರ್ ಜೊತೆ ನಿಮ್ಮ ಹೆಸರೂ ಹಾಕಿಸಿಕೊಳ್ಳಿ. ಮೂರು ವರ್ಷದ ಪ್ರಮಾಣಪತ್ರವನ್ನು ನೀವು ವಕೀಲಿಕೆ ಮಾಡುವ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಕೊಡಬೇಕು, ಇಲ್ಲವೇ ಹತ್ತು ವರ್ಷದ ಅನುಭವ ಇರುವ ವಕೀಲರು ಕೊಟ್ಟು ಆ ನ್ಯಾಯಾಧೀಶರು ಅದಕ್ಕೆ ಸಹಿ ಹಾಕಬೇಕು. ಆವತ್ತು ನೆನಪು ಮಾಡಿಕೊಂಡು ಕೂರುವ ಬದಲು, ನೀವು ಹಾಜರಾದ ಕೇಸುಗಳ ನಂಬರು ಮತ್ತು ಆರ್ಡರ್ ಶೀಟ್ ಪ್ರತಿಗಳನ್ನು ಮೊದಲ ತಿಂಗಳಿನಿಂದಲೇ ಒಂದು ಫೈಲಿನಲ್ಲಿ ಸೇರಿಸುತ್ತಾ ಹೋಗಿ.