ಎಫ್‌ಟಿಡಿ ಟಿಪ್ಪಣಿ: ಲಕ್ಷಣಕ್ಕೆ 10 ವರ್ಷ ಮೊದಲು ಅಂದರೆ ಏನು ಲೆಕ್ಕ?

ಫ್ರಂಟೋಟೆಂಪೊರಲ್ ಡಿಮೆನ್ಷಿಯಾ (ಎಫ್‌ಟಿಡಿ), ಅಂದರೆ ಮೆದುಳಿನ ಮುಂಭಾಗ ಮತ್ತು ಪಕ್ಕದ ಭಾಗ ಸೊರಗುವ ಕಾಯಿಲೆ, ಸಾಮಾನ್ಯವಾಗಿ 45ರಿಂದ 65 ವಯಸ್ಸಿನೊಳಗೆ ಶುರುವಾಗುತ್ತದೆ. ಮೊದಲು ಕೆಡುವುದು ನಡವಳಿಕೆ ಅಥವಾ ಮಾತು. ನೆನಪು ಎಷ್ಟೋ ದಿನ ಚೆನ್ನಾಗೇ ಇರುತ್ತದೆ. ಸಂಕೋಚ ಹೋಗುತ್ತದೆ, ಮನೆಯವರು ಅತ್ತರೂ ಮನಸ್ಸಿಗೆ ತಟ್ಟುವುದಿಲ್ಲ, ಸಿಹಿ ತಿನ್ನುವ ಚಪಲ ಜಾಸ್ತಿಯಾಗುತ್ತದೆ. ಖಿನ್ನತೆಯೋ ಬೈಪೋಲಾರೋ ಅಂದುಕೊಂಡೇ ವರ್ಷಗಳು ಕಳೆದುಹೋಗುತ್ತವೆ. ಬೇಗ ಪತ್ತೆಹಚ್ಚುವುದು ಅಷ್ಟು ಮುಖ್ಯವಾಗುವುದು ಇದಕ್ಕೇ.

ವಂಶದಲ್ಲಿ ಬರುವ ಬಗೆಗೆ ಮುಖ್ಯ ಜೀನ್ ಮೂರು (ಆವರಣದಲ್ಲಿರುವುದು ನಂಟು ಪತ್ತೆಯಾದ ವರ್ಷ): ಎಂಎಪಿಟಿ (1998), ಜಿಆರ್‌ಎನ್ (2006), ಸಿ9ಓಆರ್‌ಎಫ್72 (2011). ತಂದೆ ಅಥವಾ ತಾಯಿಗೆ ಇವುಗಳಲ್ಲೊಂದರಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ಈಗ ತಲೆ ಕೆಡಿಸಿದ ಜಾಗ. ಇಂಥ ಮನೆಗಳವರನ್ನು ಪರೀಕ್ಷಿಸುವ, ಯೂರೋಪ್ ಮತ್ತು ಕೆನಡಾದ ಜೆನ್‌ಫಿ ಅಧ್ಯಯನ 2015ರಲ್ಲಿ ಹೇಳಿದ್ದು ಇದು: ನಿರೀಕ್ಷಿತ ಆರಂಭಕ್ಕೆ 10 ವರ್ಷ ಮೊದಲೇ ಎಂಆರ್‌ಐನಲ್ಲಿ ವ್ಯತ್ಯಾಸ ಕಾಣುತ್ತದೆ, 5 ವರ್ಷ ಮೊದಲು ಯೋಚನೆ-ಮಾತಿನ ಪರೀಕ್ಷೆಗಳಲ್ಲಿ. ಆದರೆ ಅಧ್ಯಯನ ಶುರುವಾಗಿದ್ದೇ 2012ರಲ್ಲಿ! ಹತ್ತು ವರ್ಷ ಯಾರನ್ನೂ ಹಿಂಬಾಲಿಸಿಲ್ಲ, ಅಲ್ವಾ?

ಉತ್ತರ ‘ನಿರೀಕ್ಷಿತ’ ಅನ್ನುವುದರಲ್ಲಿದೆ. ಒಂದು ಮನೆ ಊಹಿಸಿಕೊಳ್ಳಿ. ತಾಯಿಗೆ 58ಕ್ಕೆ, ಸೋದರಮಾವನಿಗೆ 62ಕ್ಕೆ ಕಾಯಿಲೆ ಶುರುವಾಯಿತು. ಸರಾಸರಿ 60. ಮಗಳಿಗೆ ಈಗ 48, ಆರೋಗ್ಯವಾಗಿದ್ದಾಳೆ. 48 ಕಳೆ 60, ಅಂದರೆ −12. ನಕ್ಷೆಯಲ್ಲಿ ಅವಳು −12ರಲ್ಲಿ ಒಂದು ಚುಕ್ಕೆ. ಬೇರೆ ಮನೆಯ 57 ವರ್ಷದವರು −3ರಲ್ಲಿ ಕೂರಬಹುದು. ಎಲ್ಲರನ್ನೂ ಒಂದೊಂದು ಸಲವೇ ಅಳೆದರೂ, ಚುಕ್ಕೆಗಳು ಸೇರಿ ಕಾಲದ ಗೆರೆಯಾಗುತ್ತವೆ. ಅದೇ ಮನೆಗಳಲ್ಲಿ ದೋಷ ಬಾರದವರಿಗೂ ಇದೇ ರೀತಿ ಇನ್ನೊಂದು ಗೆರೆ. ಎರಡು ಗೆರೆ ಎಲ್ಲಿ ಬೇರೆಯಾಗುತ್ತವೋ ಅದೇ ‘10 ವರ್ಷ ಮೊದಲು’. ಹಾಗಾಗಿ ಇದು ಗುಂಪಿನ ಮಾತು. ಆ ಮಗಳೊಬ್ಬಳ ಸ್ಕ್ಯಾನ್ ನೋಡಿ ಇನ್ನು ಹತ್ತು ವರ್ಷ ಅಂತ ಹೇಳಲು ಬರುವುದಿಲ್ಲ.

ಇನ್ನೊಂದು ತೊಡಕು: 2020ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯಲ್ಲಿ, ಹೆತ್ತವರ ವಯಸ್ಸಿನಿಂದ ಮಕ್ಕಳ ವಯಸ್ಸು ಊಹಿಸುವುದು ಎಂಎಪಿಟಿಯಲ್ಲಿ ಸುಮಾರಾಗಿ ಹೊಂದಿತು, ಉಳಿದೆರಡರಲ್ಲಿ ಬಹಳ ಸಡಿಲ. ಜಿಆರ್‌ಎನ್ ಮನೆಯಲ್ಲಾದರೆ ಆ −12 ಅನ್ನು ಅಷ್ಟು ನೆಚ್ಚಿಕೊಳ್ಳಬೇಡಿ.

ಅದಕ್ಕೇ ರಕ್ತದಲ್ಲಿನ ನ್ಯೂರೋಫಿಲಮೆಂಟ್ ಲೈಟ್ ಮೇಲೆ ನನಗೆ ಜಾಸ್ತಿ ಭರವಸೆ. ನರಕೋಶ ಹಾಳಾದಾಗ ಸೋರುವ ಪ್ರೋಟೀನ್ ಇದು. ಸ್ನಾಯು ನಡೆಸುವ ನರಗಳು ಸಾಯುವ ಎಎಲ್‌ಎಸ್ ಕಾಯಿಲೆಯಲ್ಲೂ ಏರುವುದರಿಂದ ಇದೊಂದರಿಂದಲೇ ಎಫ್‌ಟಿಡಿ ಅನ್ನಲಾಗದು. ಆದರೆ ಖಿನ್ನತೆ, ಬೈಪೋಲಾರ್‌ನಂಥ ಮಾನಸಿಕ ಕಾಯಿಲೆಗಳಿಂದ ಬೇರ್ಪಡಿಸಲು ನೆರವಾಗುತ್ತದೆ. ಜೀನ್ ದೋಷವಿರುವವರಲ್ಲಿ ಲಕ್ಷಣಕ್ಕೆ ಮುಂಚೆಯೇ ಏರಬಲ್ಲದು. ಒಬ್ಬರದೇ ರಕ್ತವನ್ನು ವರ್ಷವರ್ಷ ನೋಡುತ್ತಾ ಹೋದರೆ, ತಾಯಿ-ಮಾವಂದಿರ ಸರಾಸರಿಯನ್ನು ಅಷ್ಟಾಗಿ ನಂಬಿ ಕೂರಬೇಕಿಲ್ಲ.