ಡಿಸ್ಕಿನ ಆಯುಷ್ಯ ಕಡತದಲ್ಲಿದೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗಿನಿಂದ, ತುಮಕೂರಿನ ಐಟಿಐ, ಡಿಪ್ಲೊಮಾ ಹುಡುಗರು ವಿಮಾನ ನಿರ್ವಹಣೆಯ ಬಗ್ಗೆ ವಿಚಾರಿಸಿಕೊಂಡು ನನ್ನ ಬಳಿ ಬರುವುದು ಹೆಚ್ಚಾಗಿದೆ. ಸ್ಪ್ಯಾನರ್ ಹಿಡಿಯಲು ಎಲ್ಲರಿಗೂ ಆಸೆ. ಪೆನ್ನು ಹಿಡಿಯಿರಿ ಎಂದರೆ ಮುಖ ಸಣ್ಣದಾಗುತ್ತದೆ. "ಕೆಲಸ ಸರಿಯಾಗಿ ಮಾಡಿದರೆ ಸಾಲದೇ ಸರ್? ಬರೆಯುವುದು ತಪಾಸಣೆಗೆ ಬರುವವರಿಗೆ ತೋರಿಸಲು ತಾನೇ?" ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಜೆಟ್ ಎಂಜಿನ್ನಿನ ಟರ್ಬೈನ್ ಡಿಸ್ಕನ್ನೇ, ಅಂದರೆ ಅಂಚಿನಲ್ಲಿ ಬ್ಲೇಡುಗಳನ್ನು ಹಿಡಿದುಕೊಂಡು ಒಳಗೆ ತಿರುಗುವ ಲೋಹದ ಚಕ್ರವನ್ನೇ ನೋಡಿ. ಎಂಜಿನ್ ಚಾಲೂ ಆಗಿ, ಪೂರ್ಣ ಶಕ್ತಿಗೆ ಏರಿ, ಮತ್ತೆ ಆರುವಷ್ಟರಲ್ಲಿ ಆ ಲೋಹ ಒಮ್ಮೆ ಜಗ್ಗಿ ಸಡಿಲಾಗಿರುತ್ತದೆ. ಅದು ಒಂದು ಸೈಕಲ್. ಬೆಂಗಳೂರಿನಿಂದ ಚೆನ್ನೈಗೆ ಹಾರಿದರೂ ಸಾಮಾನ್ಯವಾಗಿ ಒಂದೇ ಸೈಕಲ್, ದೆಹಲಿಗೆ ಹಾರಿದರೂ ಒಂದೇ. ಹಾಗಾಗಿ ಹಾರಾಟದ ಗಂಟೆಗಳಿಂದ ಇದನ್ನು ಊಹಿಸಲಾಗದು. ತಯಾರಕರು ಗೊತ್ತುಮಾಡಿದ ಮಿತಿ ಮುಟ್ಟಿತೆಂದರೆ, ಗೀರೂ ಇಲ್ಲದೆ ಹೊಳೆಯುತ್ತಿದ್ದರೂ ಡಿಸ್ಕ್ ಗುಜರಿಗೆ. ಇನ್ನೆಷ್ಟು ಸೈಕಲ್ ಉಳಿದಿದೆ ಎಂದು ಲೋಹವನ್ನು ಅಳೆದು ಹೇಳುವ ಉಪಕರಣವಿಲ್ಲ. ಅಲ್ಟ್ರಾಸಾನಿಕ್ ಪರೀಕ್ಷೆ ಬಿರುಕು ಬಿದ್ದಿದ್ದರೆ ತೋರಿಸೀತು, ಕಳೆದುಹೋದ ಆಯುಷ್ಯವನ್ನಲ್ಲ. ಆ ಲೆಕ್ಕ ಇರುವುದು ಕಡತದಲ್ಲಿ ಮಾತ್ರ. ಡಿಸ್ಕ್ ಹೊಸದಾಗಿದ್ದ ದಿನದಿಂದ ಯಾವ ಎಂಜಿನ್ನಿನಲ್ಲಿ ಎಷ್ಟು ಸೈಕಲ್ ದುಡಿಯಿತು ಎಂಬುದರಲ್ಲಿ ನಡುವೆ ಒಂದು ಕೊಂಡಿ ಕಳಚಿದರೆ, ಲಕ್ಷಾಂತರ ರೂಪಾಯಿಯ ಸಾಮಾನನ್ನು ಬಹುತೇಕ ಬಿಟ್ಟಂತೆಯೇ.

ಶಿರಾ ರಸ್ತೆಯಲ್ಲಿ ಲಾರಿ ಗ್ಯಾರೇಜ್ ಇಟ್ಟಿರುವ ನಮ್ಮ ಭಾವನವರಿಗೆ ಇದು ಶುದ್ಧ ಹುಚ್ಚು. "ಚೀಟಿ ಇಲ್ಲವೆಂದು ಗಟ್ಟಿಮುಟ್ಟಾದ ಸಾಮಾನನ್ನು ಎಸೆಯುತ್ತೀರಾ?" ಎಂದು ನಗುತ್ತಾರೆ. ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎನ್ನುವ ಮನುಷ್ಯ. ಲಾರಿಯ ಮಟ್ಟಿಗೆ ಅವರೊಂದಿಗೆ ನನ್ನ ವಾದವಿಲ್ಲ. ಡಿಸ್ಕ್ ಹಾಗೆ ಮೊದಲೇ ಸದ್ದು ಮಾಡಿ ತಿಳಿಸುತ್ತದೆಂದು ನಂಬುವಂತಿಲ್ಲ. 1989ರಲ್ಲಿ ಅಮೆರಿಕದ ಸೂ ಸಿಟಿಯಲ್ಲಿ ಅಪ್ಪಳಿಸಿದ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಫ್ಯಾನ್ ಡಿಸ್ಕ್ ಒಡೆದು, ಚೂರುಗಳು ಹಾರಿ, ವಿಮಾನವನ್ನು ನಿಯಂತ್ರಿಸುವ ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾಗಿದ್ದವು. ಅಲ್ಲಿ ತಪ್ಪಿದ್ದು ಸೈಕಲ್ ಲೆಕ್ಕವಲ್ಲ, ಟೈಟಾನಿಯಂನಲ್ಲೇ ಉಳಿದಿದ್ದ ದೋಷ. ಅದರ ಮೂಲ ಹುಡುಕಲೂ ತನಿಖಾಧಿಕಾರಿಗಳು ಎಪ್ಪತ್ತರ ದಶಕದ ಕಾರ್ಖಾನೆ ಕಡತಗಳನ್ನೇ ತಡಕಬೇಕಾಯಿತು.

ಆದ್ದರಿಂದ ಕೆಲಸ ಮುಗಿದ ಕೂಡಲೇ ಬರೆಯಿರಿ; ಶಿಫ್ಟ್ ಮುಗಿದ ಮೇಲೆ, ಬಸ್ಸಿಗೆ ಹೊತ್ತಾಯಿತೆಂದು ನೆನಪಿನಿಂದ ಗೀಚಬೇಡಿ. ತಪ್ಪಾದರೆ ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಮಾಡಿ ದಿನಾಂಕ ಹಾಕಿ. ನಾಗರಿಕ ವಿಮಾನಗಳ ನಿಯಮವೇ ಬೇರೆ, ಸೇನೆಯ ಹೆಲಿಕಾಪ್ಟರ್‌ಗಳ ನಿಯಮವೇ ಬೇರೆ. ಉಳಿದ ವಿವರಗಳಿಗೆ ನೀವು ಸೇರುವ ಸಂಸ್ಥೆಯ ಕೈಪಿಡಿ ನೋಡಿಕೊಳ್ಳಿ. ವೈಟ್ನರ್ ಮಾತ್ರ ಜೇಬಿನಲ್ಲಿ ಇಟ್ಟುಕೊಂಡು ಬರಬೇಡಿ.