ಬಸ್ಸೇನೋ ಬಂತು, ಹತ್ತೋದು ಹೇಗೆ?

ನಗರ ಸಾರಿಗೆಗೆ ಹಣ ಮಂಜೂರಾದರೆ ಸರ್ಕಾರಗಳ ಕಣ್ಣು ಮೊದಲು ಹೋಗುವುದು ಹೊಸ ಬಸ್ಸು, ರೈಲಿನ ಮೇಲೆ. ತಪ್ಪೇನಿಲ್ಲ, ಅವೂ ಬೇಕು. ಆದರೆ ಸಾರಿಗೆ ಯೋಜನೆಯ ಕಡತ ಕೈಗೆ ಬಂದಾಗ ನಾನು ಮೊದಲು ಹುಡುಕುವುದೇ ಬೇರೆ: ಮನೆ ಬಾಗಿಲಿಂದ ಬಸ್ ಸ್ಟಾಪ್‌ವರೆಗಿನ ದಾರಿ ಯಾರ ಜವಾಬ್ದಾರಿ? ಬಸ್ಸು ಒಂದು ಇಲಾಖೆಯದು, ರಸ್ತೆ ಇನ್ನೊಂದರದು, ಸಿಗ್ನಲ್ ಮತ್ತೊಬ್ಬರದು. ಫುಟ್‌ಪಾತ್ ಮಾತ್ರ ಎಷ್ಟೋ ಸಲ ಯಾರದೂ ಅಲ್ಲ.

ಲೋ-ಫ್ಲೋರ್ ಬಸ್ಸನ್ನೇ ತಗೊಳ್ಳಿ. ಅದರ ನೆಲ ರಸ್ತೆಯಿಂದ ಹೆಚ್ಚೆಂದರೆ 40 ಸೆಂ.ಮೀ. ಎತ್ತರ. ಬಸ್ಸು ಫುಟ್‌ಪಾತ್ ಅಂಚಿಗೆ ಒತ್ತಿ ನಿಂತರೆ ಅದರಲ್ಲಿ ಒಂದಷ್ಟನ್ನು ಫುಟ್‌ಪಾತೇ ನುಂಗಿಬಿಡುತ್ತದೆ. ರ‍್ಯಾಂಪ್ ಬಿಚ್ಚಿದರೆ ವೀಲ್‌ಚೇರ್ ಸಲೀಸಾಗಿ ಒಳಗೆ. ಆದರೆ ಅಂಚಿನಲ್ಲಿ ಯಾರೋ ಕಾರು ನಿಲ್ಲಿಸಿದ್ದರೆ? ಬಸ್ಸು ನಡುರಸ್ತೆಯಲ್ಲೇ ನಿಲ್ಲಬೇಕು. ರ‍್ಯಾಂಪ್ ನೇರ ರಸ್ತೆಗೆ ಇಳಿಯುತ್ತದೆ, ಏರು ಕಡಿದಾಗುತ್ತದೆ, ಹಿಂದಿನಿಂದ ಯಾರಾದರೂ ತಳ್ಳದೆ ಆಗಲ್ಲ. ಇದಕ್ಕೆ ಮದ್ದು ಇದೆ. ಸ್ಟಾಪ್ ಇರುವ ಕಡೆ ಫುಟ್‌ಪಾತನ್ನೇ ರಸ್ತೆಯತ್ತ ಸ್ವಲ್ಪ ಚಾಚಿ ಕಟ್ಟುವುದು. ಆಗ ಬಸ್ಸು ಪಕ್ಕಕ್ಕೆ ತಿರುಗದೆಯೇ ಅಂಚಿಗೆ ತಾಗಿ ನಿಲ್ಲುತ್ತದೆ, ಕಾರು ನಿಲ್ಲಿಸಲು ಜಾಗವೇ ಉಳಿಯಲ್ಲ. ಖರ್ಚು ಹೊಸ ಬಸ್ಸಿನ ಮುಂದೆ ಏನೇನೂ ಅಲ್ಲ.

ಇನ್ನು ರಸ್ತೆ ದಾಟುವ ಸಿಗ್ನಲ್. ಜನ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾರೆ ಅಂತ ಲೆಕ್ಕ ಹಿಡಿಯುವುದು ನಮ್ಮ ವೃತ್ತಿಯ ರೂಢಿ. 12 ಮೀಟರ್ ರಸ್ತೆಗೆ 10 ಸೆಕೆಂಡ್. ಕೋಲೂರಿಕೊಂಡು ಸೆಕೆಂಡಿಗೆ 0.8 ಮೀಟರ್ ನಡೆಯುವ ಅಜ್ಜಿ ಅಷ್ಟರಲ್ಲಿ ದಾಟಿರುವುದು 8 ಮೀಟರ್. ಉಳಿದ ನಾಲ್ಕು ಮೀಟರನ್ನು ಹೊರಟು ನಿಂತ ಗಾಡಿಗಳ ಮುಂದೆಯೇ ದಾಟಬೇಕು. ಐದು ಸೆಕೆಂಡ್ ಜಾಸ್ತಿ ಕೊಡಿ ಅಂದರೆ ‘ಟ್ರಾಫಿಕ್ ಜಾಮ್ ಆಗುತ್ತೆ ಸಾರ್’ ಅನ್ನುವ ಉತ್ತರ ರೆಡಿ. ಅಜ್ಜಿಯೂ ಟ್ರಾಫಿಕ್ಕೇ ಅಲ್ವಾ?

ವೇಗದ ವಿಷಯಕ್ಕೆ ಬಂದರೆ ವಾದ ಇನ್ನೂ ಜೋರು. ಎದುರಿಗೆ ಮಗು ಓಡಿ ಬಂತು ಅನ್ನಿ. ಚಾಲಕರ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಗಂಟೆಗೆ 30 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ ಸುಮಾರು 13 ಮೀಟರಿಗೆ ಪೂರ್ತಿ ನಿಲ್ಲುತ್ತದೆ. 50ರಲ್ಲಿ ಬರುವ ಕಾರು ಅದೇ ಜಾಗದಲ್ಲಿ ಇನ್ನೂ ಬ್ರೇಕ್ ಹಿಡಿಯಲು ಶುರುವೂ ಮಾಡಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನಾದ್ಯಂತ ರಸ್ತೆ ಅಪಘಾತಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆ. ಅರ್ಧಕ್ಕಿಂತ ಜಾಸ್ತಿ ಮಂದಿ ಪಾದಚಾರಿಗಳು, ಸೈಕಲ್ ಮತ್ತು ಬೈಕ್ ಸವಾರರು.

ನೀತಿ ಬದಲಿಸಿದವರೂ ಇದ್ದಾರೆ. ಸ್ವೀಡನ್ ಸಂಸತ್ತು 1997ರಲ್ಲೇ ‘ವಿಷನ್ ಝೀರೋ’ ಒಪ್ಪಿಕೊಂಡಿತು. ಜನ ತಪ್ಪು ಮಾಡಿಯೇ ಮಾಡುತ್ತಾರೆ, ಆ ತಪ್ಪಿಗೆ ಪ್ರಾಣ ಹೋಗದಂತೆ ರಸ್ತೆ ಕಟ್ಟಬೇಕು ಅನ್ನುವುದು ಅದರ ತಿರುಳು. ಸ್ಪೇನ್ 2021ರಲ್ಲಿ ನಗರದೊಳಗೆ ಒಂದೊಂದು ಕಡೆಗೆ ಒಂದೇ ಲೇನ್ ಇರುವ ರಸ್ತೆಗಳಿಗೆಲ್ಲ 30ರ ಮಿತಿ ತಂದಿತು. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2019ರ ಇಡೀ ವರ್ಷ ಒಬ್ಬ ಪಾದಚಾರಿಯೂ, ಒಬ್ಬ ಸೈಕಲ್ ಸವಾರನೂ ಸಾಯಲಿಲ್ಲ. ಬರೀ ಬೋರ್ಡು ನೆಟ್ಟು ಬಂದದ್ದಲ್ಲ ಇದು. ಅಲ್ಲಿ ವೇಗ ಇಳಿಸಿದ್ದರು, ಊರ ನಡುವಿನ ಪಾರ್ಕಿಂಗ್ ಜಾಗಗಳನ್ನೂ ತೆಗೆದಿದ್ದರು.

ನನ್ನನ್ನು ಕೇಳಿದರೆ ಹಣ ಬಿಡುಗಡೆಯ ಆದೇಶದಲ್ಲೇ ಎರಡು ಷರತ್ತು ಸೇರಿಸುತ್ತೇನೆ. ಸ್ಟಾಪಿನ ಸುತ್ತ 500 ಮೀಟರ್ ಫುಟ್‌ಪಾತ್ ಮತ್ತು ದಾಟುವ ಜಾಗ ಸರಿಯಾಗದೆ ಮುಂದಿನ ಕಂತು ಇಲ್ಲ. ವೀಲ್‌ಚೇರ್ ಬಳಸುವವರು, ಕಣ್ಣು ಕಾಣದವರು ಸ್ವತಃ ಓಡಾಡಿ ನೋಡಿ ಒಪ್ಪದೆ ಗುತ್ತಿಗೆದಾರರ ಬಿಲ್ ಪಾಸಾಗಬಾರದು.